ಬೆಂಚು ಹತ್ತಿದ ಅಕ್ಕವ್ವಜ್ಜಿ
ಗೆಳೆಯರೇ, ದೊಡ್ಡವರಿಗೆ ಪಾಠ ಹೇಳುವುದು ಸುಲಭ ಎನ್ನುವವರನ್ನು ನನ್ನ ಹತ್ತಿರ ಕಳಿಸಿ. ಇವತ್ತು ಮಧ್ಯಾಹ್ನ ಶ್ರೀಮಂಗಲದ ವಯಸ್ಕರ ತರಗತಿಯಲ್ಲಿ ಅಕ್ಕವ್ವಜ್ಜಿ ಹರಟೆ ನಿಲ್ಲಿಸಲೇ ಇಲ್ಲ. ಸಿಟ್ಟಿನಲ್ಲಿ "ಬೆಂಚಿನ ಮೇಲೆ ನಿಲ್ಲಿ!" ಎಂದುಬಿಟ್ಟೆ. ಅವರಿಗೆ ಅರವತ್ತು, ನನಗೆ ಇಪ್ಪತ್ತೆರಡು. ಅಜ್ಜಿ ಸೆರಗು ಬಿಗಿದು ಹತ್ತಿಯೇಬಿಟ್ಟರು.

ಅಷ್ಟರಲ್ಲಿ ಶಾಲಾ ಇನ್ಸ್‌ಪೆಕ್ಟರ್ ದೊರೆ ಕುದುರೆಯಿಂದ ಇಳಿದು ಒಳಗೆ ಬಂದರು. "ಈಕೆ ಯಾಕೆ ಮೇಲೆ ನಿಂತಿದ್ದಾರೆ?" ಎಂದು ಕೇಳಿದರು. ಕೆಲಸ ಹೋಯಿತೆಂದೇ ಅಂದುಕೊಂಡೆ.

ಅಜ್ಜಿಯೇ ಉತ್ತರಿಸಿದರು: "ಇವ್ರೆಲ್ಲ ಭಾರಿ ಗಲಾಟೆ ದೊರೆ. ನೋಡ್ಕೊಳ್ಳಿ ಅಂತ ಮಾಷ್ಟ್ರು ನನ್ನ ನಿಲ್ಸಿದ್ದು."

ದೊರೆ ಮೆಚ್ಚಿ ಹೋದರು. ಅಜ್ಜಿ ಮಾತ್ರ ಇಳಿಯಲಿಲ್ಲ. ಆಮೇಲೆ ಯಾರೂ ಪಿಟಕ್ಕೆನ್ನಲಿಲ್ಲ. ನಾನೂ ಕೈಯೆತ್ತಿ, ಅವರು "ಹೂಂ" ಅಂದ ಮೇಲೆಯೇ ಪಾಠ ಮುಂದುವರಿಸಿದೆ.