ಲಗೇಜಿನ ಗೂಡು ತೆರೆದ ಕೈ

ತೆರೆದವನು ನಾನು, ಪರಮೇಶಪ್ಪನವರೇ. ವಿಮಾನ ಇನ್ನೂ ನೆಲದ ಮೇಲೆ ಓಡುತ್ತಿರುವಾಗಲೇ ಎದ್ದು, ತಲೆ ಮೇಲಿನ ಲಗೇಜಿನ ಗೂಡಿನ ಮುಚ್ಚಳ ಎತ್ತಿದವನು ನಾನು. ನನ್ನ ಹೆಂಡತಿ ಶಾರದೆಯ ಬಲಗಣ್ಣು ಹೋದದ್ದು ನನ್ನಿಂದ. ನಿಮ್ಮ ಮೂಗು ಒಡೆದದ್ದೂ ಇದೇ ಕೈಯಿಂದ. ಎರಡಕ್ಕೂ ನೀವೇ ಕಾರಣವೆಂದು ಊರಿಗೆಲ್ಲ ಹೇಳಿ, ಇಷ್ಟು ವರ್ಷ ಕೊಪ್ಪದ ಪೇಟೆಯಲ್ಲಿ ಮರ್ಯಾದಸ್ಥನ ಹಾಗೆ ಓಡಾಡಿದೆ — ಥೂ, ಬರೆಯುವಾಗ ನನಗೇ ಹೇಸಿಗೆಯಾಗುತ್ತದೆ.

ನಿಮಗೆ ಗೊತ್ತಿದ್ದದ್ದೇ. ಆದರೂ ಮೊದಲಿನಿಂದ ಹೇಳುತ್ತೇನೆ, ನಾಲ್ಕು ಜನ ಕೇಳಲಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದವರೆಲ್ಲ ಸೇರಿ ಕಾಶಿಗೆ ಹೋಗಿದ್ದೆವು. ನಾನು ಕೊಪ್ಪದಲ್ಲಿ ಮೋಟಾರು ರಿಪೇರಿ ಮಾಡುವವನು, ನೀವು ನರಸಿಂಹರಾಜಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟವರು. ಅದಕ್ಕೆ ಮೊದಲು ನಮಗೆ ಮುಖಪರಿಚಯವೂ ಇರಲಿಲ್ಲ. ಹಿಂದಿರುಗುವಾಗ ಬೆಂಗಳೂರಿನ ವಿಮಾನದಲ್ಲಿ ಶಾರದೆ ನಡುದಾರಿಯ ಪಕ್ಕ, ನಾನು ಅವಳ ಪಕ್ಕ ಕಿಟಕಿಯ ಕಡೆ, ನೀವು ದಾರಿಯ ಆಚೆ ಬದಿಗೆ. ಹೋಗುವಾಗಿನಿಂದಲೂ ನಿಮ್ಮನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ನೀರು ತಂದುಕೊಟ್ಟ ಹುಡುಗಿಗೆ ನೀವು ಕೈಮುಗಿಯುತ್ತಿದ್ದಿರಿ. ಹಿಂದೆ ಕೂತವರನ್ನು ಕೇಳದೆ ಸೀಟು ಒರಗಿಸುತ್ತಿರಲಿಲ್ಲ. ನಾನು ಮುಂದಿನ ಸೀಟಿಗೆ ಮೊಣಕಾಲು ಒತ್ತಿ ಕೂತಿದ್ದಾಗ, "ಸ್ವಲ್ಪ ಕಾಲು ತೆಗೀರಿ ಮಾರಾಯ್ರೆ, ಆ ಅಜ್ಜಿಗೆ ಬೆನ್ನಿಗೆ ತಾಗ್ತದೆ" ಎಂದಿರಿ. ಹೇಳಿದ್ದು ಸರಿಯೇ — ಆದರೆ ನಮ್ಮ ಊರಿನವರೆಲ್ಲರ ಎದುರು ಹೇಳಿದಿರಲ್ಲ! ಇವನಪ್ಪನ ವಿಮಾನವಾ ಇದು ಎಂದು ಶಾರದೆಯ ಕಿವಿಯಲ್ಲಿ ಬೈದೆ. ಅವಳು ನನ್ನ ತೊಡೆ ಚಿವುಟಿ ಸುಮ್ಮನಿರಿಸಿದಳು.

ನಮ್ಮ ಕಡೆಯ ಬಸ್ಸುಗಳ ಕಥೆ ನಿಮಗೂ ಗೊತ್ತಲ್ಲ. ಇಳಿಯುವ ಜಾಗಕ್ಕೆ ಮೊದಲೇ ಎದ್ದು, ಚೀಲ ಎಳೆದುಕೊಂಡು ಬಾಗಿಲಿಗೆ ಬಂದು ನಿಲ್ಲದಿದ್ದರೆ ಕಂಡಕ್ಟರ್ ವಂಶವನ್ನೆಲ್ಲ ಬೈಯುತ್ತಾನೆ. ಅಡ್ಡಗದ್ದೆಯ ಮಾವನ ಮನೆಗೆ ಹೋಗುವಾಗಲೆಲ್ಲ ನಾನು ಎರಡು ತಿರುವು ಮೊದಲೇ ಎದ್ದು ನಿಲ್ಲುವವನು. ವಿಮಾನದ ಚಕ್ರ ನೆಲಕ್ಕೆ ತಾಗಿದ್ದೇ ತಡ, ಕಾಲು ತಾನಾಗಿ ಎದ್ದಿತು. "ಕೂತ್ಕಳಿ ಮಾರಾಯ್ರೆ, ಇನ್ನೂ ನಿಂತಿಲ್ಲ" ಎಂದಿರಿ ನೀವು. ಎದ್ದದ್ದು ಅಭ್ಯಾಸ ಇರಬಹುದು. ಮುಚ್ಚಳ ಎತ್ತಿದ್ದು ಅಭ್ಯಾಸವಲ್ಲ — ನಿಮ್ಮ ಮೇಲಿನ ಹಟ. ಇಳಿಯುವ ಹೆದರಿಕೆಗೆ ಕಣ್ಣು ಮುಚ್ಚಿ ಜಪ ಮಾಡುತ್ತಿದ್ದ ಶಾರದೆಯ ತಲೆ ಮೇಲಿಂದ ಕೈ ಚಾಚಿ, ನಿಮ್ಮನ್ನೇ ನೋಡುತ್ತಾ ಎತ್ತಿದೆ.

ವಿಮಾನ ಗಕ್ಕನೆ ಬ್ರೇಕ್ ಹಾಕಿತು. ನಾನು ಸೀಟಿಗೆ ಕುಸಿದೆ. ಗೂಡಿನಿಂದ ನನ್ನ ಚೀಲ ಜಾರಿತು. ಒಳಗೆ ಕಾಶಿಯಲ್ಲಿ ಕೊಂಡ ಜೋಡಿ ಹಿತ್ತಾಳೆ ದೀಪ. ನೀವು ಬೆಲ್ಟು ಕಿತ್ತು ಎದ್ದು ಚೀಲಕ್ಕೆ ಕೈ ಹಾಕಿದಿರಿ. ಹಿಡಿ ಸಿಕ್ಕಿತು, ಆದರೆ ಚೀಲದ ಬಾಯಿ ಬಿಟ್ಟಿತ್ತು. ಸದ್ದು ಕೇಳಿ ಶಾರದೆ ಮೇಲೆ ನೋಡಿದಳು — ಆಗಲೇ ಬಿತ್ತು ದೀಪ, ಅದರ ಚೂಪು ತುದಿ ಕೆಳಗಾಗಿ. ಆ ಕೂಗು... ಅದನ್ನು ಬರೆಯಲು ನನಗೆ ಬರುವುದಿಲ್ಲ.

ಅವಳ ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಗಂಡನಾದವನು ಅವಳನ್ನು ಹಿಡಿಯಬೇಕಿತ್ತು. ನಾನು ಅವಳ ಕಾಲು ತುಳಿದುಕೊಂಡೇ ದಾಟಿ ನಿಮ್ಮ ಮೇಲೆ ಬಿದ್ದೆ. "ನಿಂಗ್ಯಾರಲೇ ತೆಗಿ ಅಂದಿದ್ದು, ಬೋಳಿಮಗನೇ!" ಎಂದು ಕಿರುಚಿದೆ. ಯಾಕೆ ಹಾಗೆ ಕಿರುಚಿದೆನೋ — ಮೊದಲು ಕೂಗಿದವನ ಮಾತೇ ನಿಲ್ಲುತ್ತದೆಂದು ಒಳಗೆಲ್ಲೋ ಲೆಕ್ಕ ಹಾಕಿದ್ದೆನೇ? ಹಾಕಿದ್ದೆ. ಮುಷ್ಟಿ ಕಟ್ಟಿ ಮೂಗಿಗೆ ಗುದ್ದಿದೆ, ಮೂಳೆ ಮುರಿದದ್ದು ನನ್ನ ಗೆಣ್ಣಿಗೆ ಗೊತ್ತಾಯಿತು. ನೀವು ನಡುದಾರಿಯಲ್ಲಿ ಬಿದ್ದಿರಿ. ಬಿದ್ದವರ ಪಕ್ಕೆಗೆ ಒದ್ದೆ. ನೀವು ಮೂಗು ಹಿಡಿದುಕೊಂಡು, ಬಾಯ್ತುಂಬ ರಕ್ತದಲ್ಲಿ ಅಂದಿರಿ:

"ಮೊದ್ಲು ಅಕ್ಕಾರನ್ನ ನೋಡ್ರಿ ಮಾರಾಯ್ರೆ. ನನಗೆ ಆಮೇಲೆ ಹೊಡೀರಿ."

ನಾನು ಮತ್ತೊಂದು ಒದ್ದೆ.

ಪೊಲೀಸರು ಕೇಳಿದಾಗ ಶಾರದೆ, "ಚೀಲ ಅವರ ಕೈಲೇ ಇತ್ತು" ಎಂದಳು. ಅವಳು ಕಂಡದ್ದನ್ನೇ ಹೇಳಿದಳು. ಆ ಕಣ್ಣು ಕಡೆಯದಾಗಿ ಕಂಡದ್ದೇ ಅದು. ನನ್ನನ್ನು ಕೇಳಿದರು. "ಹೌದು, ಇವರೇ ತೆಗ್ದಿದ್ದು" ಎಂದೆ. ಇಷ್ಟೇ ನನ್ನ ಸುಳ್ಳು, ಮೂರು ಮಾತು. ಉಳಿದವರೆಲ್ಲ ತಿರುಗಿ ನೋಡಿದ್ದೇ ಅವಳ ಕೂಗು ಕೇಳಿದ ಮೇಲೆ. ನೀವು ಅಲ್ಲವೆಂದು ಎಷ್ಟು ಹೇಳಿದರೂ ಯಾರು ಕೇಳುತ್ತಾರೆ? ಯಾರೋ ಮೊಬೈಲಿನಲ್ಲಿ ತೆಗೆದ ವಿಡಿಯೋ ಶುರುವಾಗುವುದೇ ನನ್ನ ಗುದ್ದಿನಿಂದ. ಅದು ನಮ್ಮ ಮೂರೂ ಊರಿನ ಫೋನುಗಳಲ್ಲಿ ಓಡಾಡಿತು. ಅದರಲ್ಲಿ ವಿಮಾನದಲ್ಲಿ ಕೂರಲು ಬಾರದ ಅನಾಗರಿಕ ನೀವು, ಹೆಂಡತಿಗಾಗಿ ಹೊಡೆದಾಡಿದ ಗಂಡ ನಾನು. ಜನ ನನ್ನ ರಿಪೇರಿ ಅಂಗಡಿಗೆ ಬಂದು ಬೆನ್ನು ತಟ್ಟಿದರು. ನಿಮ್ಮ ಅಂಗಡಿಯ ಮುಂದೆ ಹುಡುಗರು ನಿಂತು "ಬೆಲ್ಟ್ ಹಾಕ್ಕಳಿ" ಎಂದು ಕೂಗುತ್ತಾರೆಂದು ಕೇಳಿ ನಾನು ನಕ್ಕಿದ್ದೆ ಕೂಡ.

ಆಮೇಲೆ ಶೃಂಗೇರಿ ಬಸ್ ಸ್ಟ್ಯಾಂಡಿನಲ್ಲಿ ಎದುರಾದಿರಿ. ಶಾರದೆ ಚಪ್ಪಲಿ ತೆಗೆದು ನಿಮ್ಮ ಮುಖಕ್ಕೆ ಎಸೆದಳು. ನೀವೂ ಮನುಷ್ಯರೇ ತಾನೇ, ರೇಗಿದಿರಿ. "ನನಗೆಂತಕ್ಕೆ ಹೊಡೀತೀರಿ? ನಿಮ್ಮ ಯಜಮಾನ್ರನ್ನ ಕೇಳಿ, ಯಾರು ತೆಗ್ದಿದ್ದು ಅಂತ!" ಎಂದು ಗುಡುಗಿದಿರಿ. ಅವಳು ನನ್ನ ಕಡೆ ತಿರುಗುವ ಮೊದಲೇ ನಾನು ನಿಮ್ಮ ಕುತ್ತಿಗೆ ಹಿಡಿದು ನಿಂತ ಬಸ್ಸಿಗೆ ದೂಡಿದೆ. ನಿಮ್ಮ ಹಣೆ ಒಡೆಯಿತು. ಆ ಸಲ ಅದು ಕೋಪವಲ್ಲ, ಹೆದರಿಕೆ.

ಮೊನ್ನೆ ಬಸ್ಸಿನಲ್ಲಿ ಅಡ್ಡಗದ್ದೆಗೆ ಹೋಗುತ್ತಿದ್ದೆವು. ತಿರುವು ಬರುವ ಮೊದಲೇ ನಾನು ಎದ್ದು ಮೇಲಿನ ಚೀಲಕ್ಕೆ ಕೈ ಹಾಕಿದೆ. ಕೆಳಗೆ ಶಾರದೆ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಮುದುಡಿದಳು. ನಾನು ಕೈ ಇಳಿಸಿದೆ. ಅವಳು ಬೆರಳು ಸರಿಸಿ ಒಂದೇ ಕಣ್ಣಲ್ಲಿ ನನ್ನನ್ನೇ ನೋಡಿ ಕೇಳಿದಳು:

"ಅವತ್ತೂ ನೀವು ಹಿಂಗೇ ಎದ್ದಿದ್ರಾ?"

ಇನ್ನೊಂದು ಸುಳ್ಳು ಬಾಯಿಗೆ ಬಂದಿತ್ತು — ಅದನ್ನು ನಿಮ್ಮ ಹತ್ತಿರ ಮುಚ್ಚಿಡುವುದಿಲ್ಲ. ನುಂಗಿಕೊಂಡು "ಹೌದು" ಎಂದೆ. ಅಡ್ಡಗದ್ದೆ ಬಂತು, ಹೋಯಿತು, ಇಬ್ಬರೂ ಇಳಿಯಲಿಲ್ಲ. ಶೃಂಗೇರಿಯಲ್ಲಿ ಬಸ್ಸು ಪೂರಾ ನಿಂತ ಮೇಲೆ ಅವಳು ಹೇಳಿದಳು, "ನಾನು ಅವರಿಗೆ ಚಪ್ಪಲಿ ಎಸೆದೆನಲ್ರೀ." ತನ್ನ ಕಣ್ಣಿನ ಮಾತು ಎತ್ತಲೇ ಇಲ್ಲ. "ಅವರ ಮನೆಗೆ ಕರ್ಕೊಂಡು ಹೋಗಿ" ಎಂದಳು, ಅಷ್ಟೇ.

ಕ್ಷಮಿಸಿ ಎನ್ನುವ ಬಾಯಿ ನನಗಿಲ್ಲ. ಈ ಬರಹ ಆ ವಿಡಿಯೋ ಹೋದ ಫೋನುಗಳಿಗೆಲ್ಲ ಹೋಗುತ್ತದೆ, ನನ್ನ ಕೈಯಿಂದಲೇ. ನಾಳೆ ಬೆಳಿಗ್ಗೆ ನಾವಿಬ್ಬರೂ ನಿಮ್ಮ ಮನೆಗೆ ಬರುತ್ತೇವೆ. ಅವಳಿಗೆ ನಿಮ್ಮ ಹತ್ತಿರ ಹೇಳುವುದಿದೆ. ಮೊದಲು ಅವಳನ್ನು ಒಳಗೆ ಕರೆದು ಕೂರಿಸಿ, ಪರಮೇಶಪ್ಪನವರೇ. ನಾನು ಅಂಗಳದಲ್ಲಿ ನಿಂತಿರುತ್ತೇನೆ. ನನ್ನದು ಆಮೇಲೆ.