ಹರಿವೆ ಸೊಪ್ಪಿನ ಹುಳ

ನನಗೂ ಸಕ್ಕರೆ ಕಾಯಿಲೆ ಬಂದಿದೆಯೆಂದು ಗೊತ್ತಾದ ದಿನ ಮಡಿಕೇರಿಯ ಡಾಕ್ಟರು, ಅನ್ನ, ತುಪ್ಪ, ಮೊಸರು ಕಡಿಮೆ ಮಾಡಿ, ಸೊಪ್ಪು, ತರಕಾರಿ, ಕಾಳು ಜಾಸ್ತಿ ತಿನ್ನಿ ಎಂದರು. ನನಗೆ ಮೈಯೆಲ್ಲ ಉರಿಯಿತು. ನಮ್ಮದು ಶನಿವಾರಸಂತೆ ಕಡೆಯ ಲಿಂಗ ಕಟ್ಟುವ ಮನೆ. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವರು ನಾವು.

"ಡಾಕ್ಟ್ರೇ, ನಾವು ಹುಟ್ಟಿದಾಗಿಂದ್ಲೂ ಸಸ್ಯಾಹಾರಿಗಳು."

"ಸರಿಯಮ್ಮ. ನಿನ್ನೆ ರಾತ್ರಿ ಏನು ತಿಂದ್ರಿ?"

"ಅನ್ನ, ಮೊಸರು, ಹಪ್ಪಳ, ಉಪ್ಪಿನಕಾಯಿ."

ಅವರು ಪೆನ್ನೆತ್ತಿ ನನ್ನ ಮುಖ ನೋಡಿದರು. "ಉಪ್ಪಿನಕಾಯಿ ನಿಂಬೆಹಣ್ಣಿಂದು" ಎಂದು ನಾನೇ ಸೇರಿಸಿದೆ. ಚೀಟಿ ಬರೆದುಕೊಟ್ಟು, ವರ್ಷಕ್ಕೊಮ್ಮೆ ತಪ್ಪದೆ ಕಣ್ಣು ತೋರಿಸಿಕೊಳ್ಳಿ ಎಂದರು.

ಕಣ್ಣು ಎಂದ ಕೂಡಲೇ ನನ್ನ ಸಿಟ್ಟು ಇಳಿಯಿತು. ಗಂಡನ ಊರು ಚೆಟ್ಟಳ್ಳಿಗೆ ವಾಪಸ್ಸು ಬರುವ ಬಸ್ಸಿನಲ್ಲಿ ಉದ್ದಕ್ಕೂ ಅವ್ವನದೇ ನೆನಪು. ಅವಳ ಕಣ್ಣು ಹೋದದ್ದು ಇದೇ ಕಾಯಿಲೆಯಿಂದ. ನಾನು ಹೈಸ್ಕೂಲಿನಲ್ಲಿದ್ದಾಗಲೇ ಅವಳಿಗೆ ಎಲ್ಲವೂ ಮಂಜು ಮಂಜಾಗಿತ್ತು. ಹಾಗೆಂದು ಅಡುಗೆಮನೆ ಬಿಟ್ಟುಕೊಟ್ಟವಳಲ್ಲ. ಅನ್ನ ಬೆಂದದ್ದು ಬೆರಳಿಗೆ ತಿಳಿಯುತ್ತಿತ್ತು, ಸಾಸಿವೆ ಸಿಡಿದದ್ದು ಕಿವಿಗೆ. ಒಂದು ದಿನ ಅಪ್ಪನ ತಟ್ಟೆಗೆ ಬಡಿಸಿದ ಹರಿವೆ ಸೊಪ್ಪಿನ ಸಾರಿನಲ್ಲಿ ಬೆಂದ ಹುಳವೊಂದು ತೇಲಿತು. ಅಪ್ಪ ಬೈಯಲಿಲ್ಲ. ಎದ್ದು ಹೋಗಿ ಸ್ನಾನ ಮಾಡಿ ಮತ್ತೆ ಪೂಜೆಗೆ ಕೂತರು. ಅದು ಬೈದದ್ದಕ್ಕಿಂತ ಹೆಚ್ಚಾಯಿತು.

"ಕಾಣ್ದಿರೋ ಕೈಲಿ ಜೀವ ಬೇಯ್ಸೋ ಪಾಪ ನಂಗ್ ಬ್ಯಾಡ ಕಣವ್ವ" ಎಂದಳು ಅವ್ವ. ನಾನು ಸೋಸಿಕೊಡುತ್ತೇನೆ ಎಂದರೂ ಕೇಳಲಿಲ್ಲ. ಸೊಪ್ಪಿನ ಹಿಂದೆ ಬದನೆಕಾಯಿ ಹೋಯಿತು, ಹೂಕೋಸು ಹೋಯಿತು, ಹುಳ ಹಿಡಿಯುವ ಕಾಳುಗಳೂ ಹೋದವು. ಹುಳದ ಭಯವಿಲ್ಲದೆ ಉಳಿದವು ಅನ್ನ, ಆಲೂಗೆಡ್ಡೆ, ಹಾಲು, ತುಪ್ಪ. ಸಕ್ಕರೆ ಕಾಯಿಲೆಯವಳು ಕೊನೆಯವರೆಗೆ ಅದನ್ನೇ ಉಂಡಳು. ನಾನು ಮದುವೆಯಾಗಿ ಬರುವಾಗ ಆ ಊಟವನ್ನೇ ತವರಿನ ಪದ್ಧತಿ ಎಂದು ಜೊತೆಗೆ ತಂದೆ. ಅದು ಪದ್ಧತಿಯಲ್ಲ, ಅವ್ವನ ಹೆದರಿಕೆ ಎಂದು ಹೊಳೆದದ್ದು ಆ ಬಸ್ಸಿನಲ್ಲಿ.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನನ್ನ ಮದ್ದು ಇದ್ದದ್ದು ಪಕ್ಕದವರ ಹಿತ್ತಲಿನಲ್ಲಿ. ಪಕ್ಕದ ಮನೆಯಾಕೆ ಕೊಡವರು, ಹಂದಿಯಿಲ್ಲದೆ ಹಬ್ಬ ಮಾಡದವರು. ಆದರೆ ಅವರಲ್ಲಿ ಹರಿವೆ, ಬಸಳೆ, ಕೆಸ ಎಲ್ಲವೂ ಇತ್ತು. ಮಳೆ ಹಿಡಿದರೆ ತೋಡಿನ ಬದಿಯ ತೇರ್ಮೆ ಎಂಬ ಜರೀಗಿಡದ ಎಳೆ ಸೊಪ್ಪೂ ಒಲೆಗೇರುತ್ತಿತ್ತು. ನಾನು ಹೋಗಿ ಕೇಳಿದಾಗ ಅವರು ಸೊಂಟಕ್ಕೆ ಕೈ ಕೊಟ್ಟು ನಿಂತರು.

"ಎಂತ ಅಕ್ಕ, ಇಷ್ಟು ವರ್ಷ ಕೊಟ್ರೆ ಬೇಡ ಅಂತಿದ್ರಿ. ಈಗ ಸೊಪ್ಪು ತಿನ್ಲಿಕ್ಕೆ ನಾವು ನಿಮಗೆ ಕಲಿಸ್ಬೇಕಾ?"

ಕಲಿಸಿದರು. ಅವರ ಜಗಲಿಯಲ್ಲಿ ಕೂತು ಇಬ್ಬರೂ ಸೊಪ್ಪು ಸೋಸುವುದು ರೂಢಿಯಾಯಿತು. ನಾನು ಒಂದೊಂದು ಎಲೆಯನ್ನೂ ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡುವಷ್ಟರಲ್ಲಿ ಅವರ ಕಟ್ಟು ಮುಗಿದಿರುತ್ತಿತ್ತು. ನಮ್ಮ ಯಜಮಾನರು ಮೊದಲ ದಿನ ತಟ್ಟೆ ನೋಡಿ, "ಇದು ಹಸುವಿಗೋ ನನಗೋ?" ಎಂದರು. ಈಗ ಪಲ್ಯ ಮಿಕ್ಕಿದೆಯಾ ಎಂದು ಬಾಣಲೆಗೆ ಇಣುಕುತ್ತಾರೆ. ನನಗೂ ಮೊಸರನ್ನದ ಆಸೆ ಪೂರ್ತಿ ಹೋಗಿಲ್ಲ, ಸುಳ್ಳೇಕೆ ಹೇಳಲಿ.

ಕಣ್ಣಿನ ಪರೀಕ್ಷೆಯ ಹಿಂದಿನ ದಿನ ನನಗೆ ಊಟ ಸೇರಲಿಲ್ಲ. ಅಕ್ಷರ ಸ್ವಲ್ಪ ಮಸುಕಾದರೂ ಅವ್ವನ ಮಂಜು ಬಂತೇನೋ ಎಂದು ಒಂದೊಂದೇ ಕಣ್ಣು ಮುಚ್ಚಿ ಮತ್ತೆ ಓದಿ ನೋಡುತ್ತಿದ್ದೆ. ಸುಮ್ಮನೆ ಕೂರಲಾಗದೆ ಪಕ್ಕದ ಜಗಲಿಗೆ ಹೋದೆ. ಅಂದು ಹರಿವೆ. ಅವರು ಸೋಸಿ ಬುಟ್ಟಿಗೆ ಹಾಕಿದ್ದ ಎಲೆಯೊಂದನ್ನು ನಾನು ಮತ್ತೆ ಎತ್ತಿಕೊಂಡೆ.

"ಇಲ್ಲಿ ಹುಳ ಇದೆ."

ಅವರು ಕನ್ನಡಕ ಏರಿಸಿಕೊಂಡು ಬಗ್ಗಿದರು. "ಎಲ್ಲಿ? ನನಗೆ ಎಂತದೂ ಕಾಣ್ತಿಲ್ಲ."

"ನೋಡಿ, ನಡುನರದ ಮೇಲೆ."

ಎಲೆಯದೇ ಹಸಿರು, ದಾರದಷ್ಟು ಸಣ್ಣ. ನಾನು ನೋಡುತ್ತಿದ್ದ ಹಾಗೆಯೇ ಅದು ಮೈ ಕುಗ್ಗಿಸಿ ಸ್ವಲ್ಪ ಮುಂದೆ ಹೋಯಿತು.

"ಬಿಡಿ ಅಕ್ಕ, ನಮ್ಮ ಸಾರಿಗೆ ಬಿದ್ದಿದ್ರೆ ನಷ್ಟ ಏನಿರಲಿಲ್ಲ" ಎಂದು ಅವರು ನಕ್ಕರು. ನಾನೂ ನಕ್ಕೆ, ನಗುತ್ತಲೇ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡು ಮತ್ತೆ ನೋಡಿದೆ. ಹುಳ ಅಲ್ಲೇ ಇತ್ತು.

ಎಲೆ ಸಮೇತ ಅದನ್ನು ಹಿತ್ತಲಿಗೆ ಬಿಟ್ಟು ಬಂದು, ಉಳಿದ ಸೊಪ್ಪು ಸೋಸಲು ಕೂತೆ.