ಅಳತೆ ಮೀರಿದ ಹೆಸರು

ಹೊನ್ನಾಳಿಯ ನಮ್ಮ ಧರ್ಮಾರ್ಥ ಡಯಾಲಿಸಿಸ್ ಕೇಂದ್ರದ ಕಂಪ್ಯೂಟರ್ ನೋಡಿಕೊಳ್ಳುವ ಪ್ರೇಮಲತಾ, ಗ್ಯಾಸ್ ಆರಿಸಿದ ಮೇಲೂ ಮೂರು ಸಲ ಹೋಗಿ ನೋಡಿಬರುವ ಪೈಕಿ. ಅಂಥವಳು ಕಂಪ್ಯೂಟರಿನ ಒಂದು ದುರಸ್ತಿಯನ್ನು ಇಪ್ಪತ್ತು ದಿನ ಮುಂದೂಡಿದಳಲ್ಲ ಎಂದು, ಅಲ್ಲೇ ನರ್ಸ್ ಆಗಿರುವ ನನಗೆ ಈಗಲೂ ಸಿಟ್ಟು ಬರುತ್ತದೆ.

ರೋಗಿಗಳು ಆನ್‌ಲೈನಿನಲ್ಲಿ ಸರದಿ ಬುಕ್ ಮಾಡುವ ನಮ್ಮ ಸರ್ವರ್‌ನ ತಂತ್ರಾಂಶ ಮಾಡಿದವರು ಎಚ್ಚರಿಕೆ ಕಳಿಸಿದ್ದರು. ರೋಗಿಯ ಹೆಸರು ಬಂದು ಕೂರುವ ಜಾಗಕ್ಕೆ ಅಳತೆಯ ಕಾವಲಿಲ್ಲವಂತೆ. ಸೇರಿನ ಡಬ್ಬಿಗೆ ಎರಡು ಸೇರು ಸುರಿದಂತೆ, ಉದ್ದದ ಬರಹ ಬಂದರೆ ಪಕ್ಕದ ಜಾಗಕ್ಕೆಲ್ಲ ಚೆಲ್ಲಿ ಸರ್ವರ್ ಬಿದ್ದುಹೋಗುತ್ತದೆ. ತಿಳಿದ ಕಳ್ಳ ಬೇಕೆಂದೇ ಚೆಲ್ಲಿದರೆ ಇಡೀ ಯಂತ್ರವೇ ಅವನ ಕೈವಶ. ಈ ದೋಷ ಮುಚ್ಚುವ ತೇಪೆ ಹಾಕಲು ಅರ್ಧ ದಿನ ಬುಕಿಂಗ್ ನಿಲ್ಲಿಸಬೇಕಿತ್ತು. ರೋಗಿಗಳಿಗೆ ತೊಂದರೆ ಎಂದು ನಾಳೆ, ನಾಡಿದ್ದು ಎನ್ನುತ್ತ ಹೋದಳು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು!

ಸೋಮವಾರ ಬೆಳಿಗ್ಗೆ ಸರ್ವರ್ ಬಿತ್ತು. ಎಬ್ಬಿಸಿದಳು, ಮತ್ತೆ ಬಿತ್ತು. ಹನ್ನೊಂದು ಸಲ. ಪ್ರತಿ ಸಲವೂ ಒಂದೇ ಮೊಬೈಲಿನಿಂದ ಬಂದ ಬುಕಿಂಗ್ ಅರ್ಜಿ. ಕಳ್ಳ ಬಂದೇಬಿಟ್ಟ ಎಂದುಕೊಂಡಳು. ಎಲ್ಲ ರೋಗಿಗಳ ವರದಿ, ಸರದಿ ಸರ್ವರ್‌ನಲ್ಲೇ ಇದ್ದವು. ಆ ಮೊಬೈಲನ್ನೇ ತಡೆದುಬಿಟ್ಟಳು.

ಎರಡು ದಿನ ಸರ್ವರ್ ಬೀಳಲಿಲ್ಲ. ಅವಳಿಗೆ ಮಾತ್ರ ಊಟ ಸೇರಲಿಲ್ಲ. ಬುಧವಾರ, ಕಳ್ಳ ಏನು ತುರುಕಿದ್ದ ಎಂದು ದಾಖಲೆ ತೆಗೆದು ಓದಿದಳು. ಹೆಸರಿನ ಖಾನೆಯಲ್ಲಿ ಹೀಗಿತ್ತು: "ಶ್ರೀ ವೀರಭದ್ರೇಶ್ವರ ಪ್ರಸನ್ನ. ಶಾಂತಾದೇವಿ ಕೋಂ ಮಹೇಶ್ವರಪ್ಪ, ನ್ಯಾಮತಿ. ಉಸಿರು ಕಟ್ಟುತ್ತಿದೆ, ದಯಮಾಡಿ ಬೇಗ ಸರದಿ ಕೊಡಿ." ಮೊದಲೇ ಕನ್ನಡದ ಅಕ್ಷರ ಇಂಗ್ಲಿಷಿನದಕ್ಕಿಂತ ಮೂರು ಪಟ್ಟು ಜಾಗ ತಿನ್ನುತ್ತದೆ; ಅದರಲ್ಲಿ ಇಷ್ಟುದ್ದ ಬರೆದರೆ ಚೆಲ್ಲದೆ ಇದ್ದೀತೇ?

ಆ ಮೊಬೈಲಿಗೇ ಫೋನ್ ಮಾಡಿದಳು. ಶಾಂತಾದೇವಿಯವರ ಗಂಡ ಮಹೇಶ್ವರಪ್ಪನವರೇ ಎತ್ತಿದರು. "ಒತ್ತಿ ಒತ್ತಿ ಸಾಕಾತು ರೀ. ಫೋನ್ ಮಾಡಿದ್ರೆ ಆನ್‌ಲೈನಾಗೇ ಮಾಡ್ರಿ ಅಂತಾರೆ. ಇವಳಿಗೆ ಮಲಗಾಕೂ ಆಗವಲ್ದು."

"ಈಗಲೇ ಹೊರಡ್ರಿ," ಎಂದಳು. ಅವರು ಬರುವಷ್ಟರಲ್ಲಿ ಬುಕಿಂಗ್ ನಿಲ್ಲಿಸಿ, ತೇಪೆ ಹಾಕಲು ಶುರುಮಾಡಿದ್ದಳು.

ಆಟೊದಿಂದ ಇಳಿದ ಶಾಂತಾದೇವಿಯವರ ಮುಖ, ಪಾದ ಊದಿಕೊಂಡಿದ್ದವು. ಮಹೇಶ್ವರಪ್ಪ ಕೈಮುಗಿದರು. "ದೇವ್ರ ಹೆಸ್ರು ಹಾಕಿದ್ದು ತಪ್ಪಾತೇನಮ್ಮಾ? ನಮ್ಮ ಮನ್ಯಾಗೆ ಯಾವ ಕಾಗದ ಬರೆದ್ರೂ ಮೊದ್ಲು ಅದನ್ನೇ ಬರಿಯಾದು."

"ತಪ್ಪು ನಂದು ರೀ. ಇಪ್ಪತ್ತು ದಿನದಿಂದ ಗೊತ್ತಿತ್ತು. ನಿಮ್ಮನ್ನ ಕಳ್ಳ ಅಂತ ತಡೆದೋಳೂ ನಾನೇ," ಎಂದು ಪ್ರೇಮಲತಾ ಅತ್ತೇಬಿಟ್ಟಳು.

"ಅದೆಲ್ಲ ಇರ್ಲಿ ಬಿಡ್ರಿ. ಇವತ್ತು ಇವಳಿಗೆ ಮಷೀನ್ ಸಿಗತೈತಾ?"

ಪ್ರೇಮಲತಾ ನನ್ನ ಕೈಯಿಂದ ಗಾಲಿಕುರ್ಚಿ ಕಿತ್ತುಕೊಂಡು ಶಾಂತಾದೇವಿಯವರನ್ನು ಕೂರಿಸಿ, ಮಷೀನಿನತ್ತ ತಾನೇ ತಳ್ಳಿಕೊಂಡು ಓಡಿದಳು.